ಎಣ್ಣೆಗಿಂತ ಮೊದಲು ಒಂದು ಸ್ಟೂಲು

ಶಿವಮೊಗ್ಗದ ಗಾಂಧಿ ಬಜಾರು, ದುರ್ಗಿಗುಡಿಯ ಬಟ್ಟೆ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿವರೆಗೂ ನಿಂತೇ ದುಡಿಯುವ ಅಕ್ಕತಂಗಿಯರಿಗೆ,



ಬಜಾರಿನಲ್ಲಿ ಷಟರ್ ಇಳಿಯುವ ಸದ್ದು ಕೇಳಿಸಿದರೆ ನಾನು ಕ್ಲಿನಿಕ್ಕಿನಲ್ಲಿ ಕನ್ನಡಕ ಒರೆಸಿಕೊಂಡು ಕೂರುತ್ತೇನೆ. ಇನ್ನು ಹತ್ತು ನಿಮಿಷಕ್ಕೆ ನೀವು ಬರುತ್ತೀರಿ. ಇಬ್ಬಿಬ್ಬರು, ಮೂವರು, ಕೊನೇ ಬಸ್ಸಿನ ಮೇಲೆ ಒಂದು ಕಣ್ಣಿಟ್ಟುಕೊಂಡು. ಬೆಂಚಿನ ಮೇಲೆ ಕೂತ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ: ಚಪ್ಪಲಿ ಕಳಚಿ ಅಂಗಾಲನ್ನು ತಣ್ಣನೆ ನೆಲಕ್ಕೆ ಊರುವುದು. ಆಮೇಲೆ ವ್ಯಾನಿಟಿ ಬ್ಯಾಗಿನಿಂದ ಒಂದು ಬಾಟಲಿ ಈಚೆ ಬರುತ್ತದೆ. "ಡಾಕ್ಟ್ರೇ, ಇದು ನಂಗೆ ಹಿಡೀಲಿಲ್ಲ. ಬೇರೆ ಎಣ್ಣೆ ಬರ್ಕೊಡಿ."

ಇಪ್ಪತ್ತಾರು ವರ್ಷದಿಂದ ಬರೆದುಕೊಡುತ್ತಲೇ ಇದ್ದೇನೆ. ಎಣ್ಣೆಯನ್ನು ಬೈಯುವ ಆಯುರ್ವೇದದವಳು ನಾನಲ್ಲ, ಹೆದರಬೇಡಿ. ಆದರೆ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ನಿಮಗೆ ಹೇಳಲಾಗದೆ ಉಳಿದದ್ದು ಒಂದಿಷ್ಟಿದೆ. ಆಷಾಢದ ಡಿಸ್ಕೌಂಟ್ ಬೋರ್ಡು ಏರಿತೆಂದರೆ ನೀವು ನನ್ನ ಕೈಗೆ ಸಿಗುವುದಿಲ್ಲ. ಅದರ ಬೆನ್ನಿಗೇ ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ, ದೀಪಾವಳಿ, ಅದು ಮುಗಿಯಿತು ಅನ್ನುವಷ್ಟರಲ್ಲಿ ಮದುವೆ ಸೀಸನ್. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಊಟದ ಬಿಡುವಿನಲ್ಲಿ ಒಬ್ಬಳು ಓದಿ ಉಳಿದವರು ಕೇಳಿಸಿಕೊಂಡರೂ ಸಾಕು.

ಮೊದಲು ನಿಮ್ಮ ಮೇಲೆ ನನ್ನದೊಂದು ತಕರಾರು. ಮನೆಯಲ್ಲಿ ತಾಯಿ ಹತ್ತಿರ ಹೇಳಿಕೊಳ್ಳುವಾಗ ನಿಮ್ಮ ಬಾಯಲ್ಲಿ ಎಷ್ಟು ಮಾತುಗಳಿರುತ್ತವೆ! ಸೆಳೆತ, ಜೋಮು, ಚಳುಕು, ಉರಿ, ಮೀನಖಂಡ ಹಿಡ್ಕೊಳ್ಳೋದು, ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗೆ, ಕಾಲಿಗೆ ಗುಂಡುಕಲ್ಲು ಕಟ್ಟಿದ ಹಾಗೆ, ಕಾಲೊಳಗೆ ಇರುವೆ ಹರಿದ ಹಾಗೆ. ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಿರೋ, ಅವೆಲ್ಲ ಮಾಯ. "ಕಾಲ್ನೋವು" ಒಂದೇ ಉಳಿಯುತ್ತದೆ. ಡಾಕ್ಟರ ಮುಂದೆ ಮನೆ ಮಾತು ಯಾಕೆ ಅನ್ನುವ ಸಂಕೋಚ ಇರಬೇಕು. ನನಗೆ ಬೇಕಾದದ್ದು ಆ ಮನೆ ಮಾತೇ. ಅರ್ಧ ರೋಗ ಅದರಲ್ಲೇ ಪತ್ತೆಯಾಗಿರುತ್ತದೆ.

ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಚರಕಸಂಹಿತೆಯಲ್ಲಿ ವಾತದಿಂದಲೇ ಬರುವ 80 ತೊಂದರೆಗಳ ಪಟ್ಟಿ ಇದೆ. ಅದು ತಲೆಯಿಂದ ಇಳಿಯುವುದಿಲ್ಲ, ಕಾಲಿನಿಂದ ಹತ್ತುತ್ತದೆ. ಉಗುರು ಸೀಳುವುದು, ಅಂಗಾಲು ಒಡೆಯುವುದು, ಪಾದ ನೋಯುವುದು, ಪಾದ ಮರಗಟ್ಟುವುದು, ಹರಡು ಬಿಗಿಯುವುದು, ಮೀನಖಂಡ ಸೆಟೆಯುವುದು, ಆಮೇಲೆ ಗೃಧ್ರಸಿ. ಒಂದೊಂದಕ್ಕೂ ಒಂದೊಂದು ಹೆಸರು. ಅದೇ ಗ್ರಂಥದಲ್ಲಿ ಊರುಸ್ತಂಭ ಎಂಬ ರೋಗಕ್ಕೆ ಒಂದು ಇಡೀ ಅಧ್ಯಾಯ ಮೀಸಲಾಗಿದೆ. ತೊಡೆ ಕಂಬದ ಹಾಗೆ ಬಿಗಿದು, ಭಾರವಾಗಿ, ಕಾಲೆತ್ತಿ ಇಡಲು ಆಗದ ರೋಗ. ಅದಕ್ಕೆ ಎಣ್ಣೆ ಮುಟ್ಟಿಸಬಾರದು ಅನ್ನುತ್ತದೆ ಗ್ರಂಥ. ಕಾಲೇಜಿನಲ್ಲಿ ಅದನ್ನು ಓದಿದ ದಿನ ನಾನು ಬೆರಗಾಗಿದ್ದೆ. ಕಾಲಿನ ರೋಗ, ಆಯುರ್ವೇದ, ಆದರೆ ಎಣ್ಣೆ ಇಲ್ಲ! ಆಮವಾತದಲ್ಲೂ ಹಾಗೆಯೇ. ಬೆಳಗ್ಗೆ ಎದ್ದಾಗ ಗಂಟು ಗಂಟೂ ಊದಿಕೊಂಡು, ಹಸಿವಿಲ್ಲದೆ, ಮೈ ಭಾರವಾಗಿ, ಜ್ವರ ಬಂದ ಹಾಗಿರುವವರಿಗೆ ಎಣ್ಣೆ ತಿಕ್ಕಿದರೆ ಬಾವು ಏರುತ್ತದೆ. ಅವರಿಗೆ ಹುರಿದ ಮರಳಿನ ಒಣ ಶಾಖವೇ ಸರಿ.

ಹಾಗಾಗಿ "ಯಾವ ಎಣ್ಣೆ" ಎಂಬ ಪ್ರಶ್ನೆ ಎರಡನೆಯದು. "ಯಾವ ನೋವು" ಎಂಬುದು ಮೊದಲನೆಯದು.

ನಿಮ್ಮಲ್ಲಿ ನಾನು ಹೆಚ್ಚು ನೋಡುವುದು ಹಿಮ್ಮಡಿ. ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಜೀವ ಹೋದ ಹಾಗೆ, ಹತ್ತು ಹೆಜ್ಜೆ ನಡೆದರೆ ಸಡಿಲ, ಮತ್ತೆ ಸಂಜೆ ಹೊತ್ತಿಗೆ ಕುಟುಕು. ನಮ್ಮಲ್ಲಿ ಇದನ್ನು ವಾತಕಂಟಕ ಅನ್ನುತ್ತಾರೆ. ಕಂಟಕ ಅಂದರೆ ಮುಳ್ಳು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಹಾದುಹೋಗಿದೆ. ದಿನವಿಡೀ ನಿಂತು ನಿಂತು ಅದು ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಜಖಂ ಆಗುತ್ತದೆ, ರಾತ್ರಿ ಮಲಗಿದಾಗ ಕುಗ್ಗುತ್ತದೆ, ಬೆಳಗಿನ ಮೊದಲ ಹೆಜ್ಜೆಗೆ ಮತ್ತೆ ಎಳೆಯಲ್ಪಡುತ್ತದೆ. ಎಕ್ಸ್‌ರೇ ತೆಗೆಸಿ "ಮೂಳೆ ಬೆಳೆದಿದೆಯಂತೆ ಡಾಕ್ಟ್ರೇ" ಎಂದು ಅಳುತ್ತಾ ಬಂದವರಿದ್ದೀರಿ. ಅಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ. ಅದಕ್ಕೆ ಅಳಬೇಡಿ.

ಇದಕ್ಕೆ ನಮ್ಮಜ್ಜಿ ಮಾಡುತ್ತಿದ್ದದ್ದನ್ನೇ ನಾನು ಇವತ್ತಿಗೂ ಹೇಳುತ್ತೇನೆ. ಅವರು ಒಲೆಯ ಕೆಂಡದ ಬೂದಿಯಲ್ಲಿ ಇಟ್ಟಿಗೆ ಹೂತಿಡುತ್ತಿದ್ದರು. ನೀವು ಹಳೇ ಕಾವಲಿಯ ಮೇಲೆ ಕಾಯಿಸಿ. ಇಟ್ಟಿಗೆಯ ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಮೂರು ನಾಲ್ಕು ಎಕ್ಕದ ಎಲೆ. ಹಿಮ್ಮಡಿಗೆ ಒಂದಿಷ್ಟು ಹರಳೆಣ್ಣೆ ಸವರಿಕೊಂಡು ಎಲೆಯ ಮೇಲೆ ಮೆಲ್ಲಗೆ ಊರುವುದು, ತೆಗೆಯುವುದು, ಮತ್ತೆ ಊರುವುದು. ಹತ್ತು ನಿಮಿಷ ಸಾಕು. ಮೊದಲು ಕೈಯ ಹಿಂಬದಿ ಮುಟ್ಟಿಸಿ ಬಿಸಿ ನೋಡಿಕೊಳ್ಳಿ. ಎಕ್ಕದ ಎಲೆ ಕಿತ್ತ ಕೈಯಲ್ಲಿ ಕಣ್ಣು ಉಜ್ಜಿಕೊಂಡೀರಿ ಮತ್ತೆ. ಆ ಹಾಲು ಕಣ್ಣಿಗೆ ಕೆಟ್ಟದ್ದು. ಶುಗರ್ ಇರುವವರು ಈ ಇಟ್ಟಿಗೆಯ ಹತ್ತಿರವೂ ಹೋಗಕೂಡದು, ಯಾಕೆಂದು ಮುಂದೆ ಹೇಳುತ್ತೇನೆ.

ಆದರೆ ಇಟ್ಟಿಗೆ ಕೊಡುವುದು ಆ ರಾತ್ರಿಯ ಸಮಾಧಾನ. ಹಿಮ್ಮಡಿ ವಾಸಿಯಾಗುವುದು ಮೀನಖಂಡವನ್ನು ಹಿಗ್ಗಿಸಿದಾಗ. ಗೋಡೆಗೆ ಎರಡೂ ಅಂಗೈ ಊರಿ, ನೋಯುವ ಕಾಲನ್ನು ಹಿಂದೆ ಇಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ವಾಲಿ ಅರ್ಧ ನಿಮಿಷ ನಿಲ್ಲಿ. ಬೆಳಗ್ಗೆ ಮೂರು ಸಲ, ರಾತ್ರಿ ಮೂರು ಸಲ. ಹಾಸಿಗೆ ಬಿಡುವ ಮೊದಲೇ ಟವೆಲ್ಲಿನಿಂದ ಕಾಲ್ಬೆರಳನ್ನು ನಿಮ್ಮ ಕಡೆ ಎಳೆದುಕೊಳ್ಳಿ. ತಿಂಗಳುಗಟ್ಟಲೆ ಬೇಕು ಇದಕ್ಕೆ, ವಾರದಲ್ಲಿ ಆಗುವುದಿಲ್ಲ. ಇನ್ನು ಚಪ್ಪಲಿ. ನಿಮ್ಮ ಅಂಗಡಿಯೊಳಗೆ ಗಿರಾಕಿಗಳು ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ, ನೀವು ಹೊರಗೆ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತೀರಿ, ಟೈಲ್ಸ್ ಮೇಲೆ, ಹನ್ನೊಂದು ಗಂಟೆ. ಲಕ್ಷ್ಮಿ ಇರುವ ಜಾಗ ಅನ್ನುವುದು ಸರಿಯೇ. ಅಂಗಡಿಯೊಳಗೇ ಹಾಕಿಕೊಳ್ಳಲು ಒಂದು ಜೊತೆ ಮೆತ್ತನೆ ಚಪ್ಪಲಿ ಬೇರೆಯೇ ಇಟ್ಟುಕೊಂಡರೆ ಲಕ್ಷ್ಮಿ ಮುನಿಯುವುದಿಲ್ಲ ಅಂತ ನನ್ನ ನಂಬಿಕೆ.

ಎರಡನೆಯದು ನರ ಉಬ್ಬುವುದು. "ನರ" ಅನ್ನುತ್ತೀರಿ, ಅದು ರಕ್ತನಾಳ. ಪಾದಕ್ಕಿಳಿದ ರಕ್ತ ಮತ್ತೆ ಎದೆಗೆ ಹತ್ತಬೇಕಲ್ಲ, ಅದನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಅದು ಹಿಂಡುತ್ತದೆ, ರಕ್ತ ಏರುತ್ತದೆ. ಕೆಳಗೆ ಜಾರದಂತೆ ನಾಳದೊಳಗೆ ಪುಟ್ಟ ಪುಟ್ಟ ಕದಗಳಿವೆ. ನಡೆಯದೆ ಬರೀ ನಿಂತರೆ ಹಿಂಡುವವರಿಲ್ಲ. ವರ್ಷಾನುಗಟ್ಟಲೆ ಭಾರ ಬಿದ್ದು ಕದಗಳು ಸಡಿಲವಾಗಿ, ನಾಳ ಹಗ್ಗದ ಹಾಗೆ ತಿರುಚಿಕೊಂಡು ಚರ್ಮದಡಿ ಕಾಣಿಸಿಕೊಳ್ಳುತ್ತದೆ. ಬಸಿರು, ಬಾಣಂತನ, ತೂಕ, ತಾಯಿ ಕಡೆಯಿಂದ ಬಂದ ಗುಣ, ಇವೆಲ್ಲ ಅದಕ್ಕೆ ಕೈ ಜೋಡಿಸುತ್ತವೆ. ಸಂಜೆ ಹೊತ್ತಿಗೆ ಕಾಲು ಕಲ್ಲಾಗುವುದು, ಕಾಲುಂಗುರ ಕಚ್ಚಿ ಹಿಡಿಯುವುದು, ಎಲ್ಲಾ ಇದೇ.

ಇಲ್ಲಿ ಒಂದು ತಪ್ಪು ಮನೆಮನೆಯಲ್ಲೂ ಆಗುತ್ತಿದೆ. ಗಂಡನೋ ಮಗಳೋ ಎಣ್ಣೆ ಹಚ್ಚಿ, ಉಬ್ಬಿದ ನಾಳವನ್ನೇ ಹೆಬ್ಬೆರಳಿನಿಂದ ಒತ್ತಿ ಒತ್ತಿ ತೀಡುತ್ತಾರೆ, ಆಮೇಲೆ ಬಿಸಿನೀರು ಹುಯ್ಯುತ್ತಾರೆ. ಎರಡೂ ಬೇಡ. ಬಿಸಿಗೆ ನಾಳ ಇನ್ನಷ್ಟು ಹಿಗ್ಗುತ್ತದೆ. ಎಣ್ಣೆ ಹಚ್ಚಲೇಬೇಕೆಂದರೆ ಹರಡಿನಿಂದ ಮಂಡಿಯ ಕಡೆಗೆ, ಮೇಲ್ಮುಖವಾಗಿ, ಮಗುವಿನ ಬೆನ್ನು ಸವರಿದಷ್ಟು ಹಗುರವಾಗಿ. ಕೇರಳದ ವೈದ್ಯರು ಇದಕ್ಕೆ ಸಹಚರಾದಿ ತೈಲ ಕೊಡುತ್ತಾರೆ, ನಾನೂ ಕೊಡುತ್ತೇನೆ. ಭಾರ ಕಡಿಮೆಯಾಗುತ್ತದೆ ಅನ್ನುವವರಿದ್ದಾರೆ. ಉಬ್ಬಿದ ನಾಳ ಎಣ್ಣೆಯಿಂದ ಒಳಕ್ಕೆ ಹೋದದ್ದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ನಿಜವಾಗಿ ಕೆಲಸ ಮಾಡುವುದು ಎರಡು. ಒಂದು, ಮನೆಗೆ ಹೋದ ತಕ್ಷಣ ಒಲೆ ಹಚ್ಚುವ ಮೊದಲು ಹದಿನೈದು ನಿಮಿಷ ಮಲಗಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಟ್ಟುಕೊಳ್ಳುವುದು. ಇನ್ನೊಂದು, ಡಾಕ್ಟರು ಅಳತೆ ನೋಡಿ ಕೊಡುವ ಬಿಗಿ ಕಾಲುಚೀಲ. ಬೆಳಗ್ಗೆ ಕಾಲು ಊದುವ ಮೊದಲೇ ಹಾಕಿಕೊಳ್ಳಬೇಕು. ಏಪ್ರಿಲ್ ಸೆಕೆಯಲ್ಲಿ ಅದು ಹಿಂಸೆ, ಒಪ್ಪುತ್ತೇನೆ. ಹರಡಿನ ಸುತ್ತ ಚರ್ಮ ಕಂದು ಬಣ್ಣಕ್ಕೆ ತಿರುಗಿ, ತುರಿಸಿ, ಗಾಯವಾದರೆ ಸರ್ಜನ್ ಹತ್ತಿರ ಹೋಗಿ. ಅಂಥ ಗಾಯಕ್ಕೆ ಸುಶ್ರುತ ಹೇಳಿದ ಜಿಗಣೆ ಚಿಕಿತ್ಸೆ ಇವತ್ತಿಗೂ ಆಯುರ್ವೇದ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಆದರೆ ಅದು ಆಸ್ಪತ್ರೆಯ ಕೆಲಸ, ಮನೆಯದಲ್ಲ.

ಈಗ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಬಾಣಂತನ ಮುಗಿಸಿ ಹೊಸದಾಗಿ ಕೆಲಸಕ್ಕೆ ಮರಳಿದ್ದ ಹುಡುಗಿಯೊಬ್ಬಳು ಬಂದಳು. ಎಡಗಾಲಿನ ಮೀನಖಂಡದಲ್ಲಿ ಮಾತ್ರ ನೋವು. ಕಾಲು ಸ್ವಲ್ಪ ಊದಿತ್ತು, ಮುಟ್ಟಿದರೆ ಬಿಸಿ ಇತ್ತು. ರಾತ್ರಿ ಒಂಬತ್ತೂವರೆ, ನನಗೂ ದಣಿವು. ಬಾಣಂತಿ ವಾತ ಅಂದುಕೊಂಡು ಧನ್ವಂತರ ತೈಲ ಬರೆದು, ಲಕ್ಕಿಸೊಪ್ಪಿನ ನೀರಿನ ಶಾಖ ಹೇಳಿ ಕಳಿಸಿದೆ. ಮೂರನೇ ದಿನ ಉಸಿರು ಕಟ್ಟಿದಂತಾಗಿ ಅವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿತ್ತು. ಬದುಕಿದಳು. ಅವಳ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ. ನನಗೆ ಮಾತ್ರ ಆ ನಗುವಿಗೆ ತಿರುಗಿ ನಗುವುದು ಇವತ್ತಿಗೂ ಸಲೀಸಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ಒತ್ತಿದರೆ ನೋಯುತ್ತಿದ್ದರೆ ಯಾರಿಂದಲೂ ತೀಡಿಸಿಕೊಳ್ಳಬೇಡಿ. ಹಡೆದ ಹೊಸತು, ಆಪರೇಷನ್ ಆದ ಹೊಸತು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಹಳ ದಿನ ಮಲಗಿದ್ದವರು, ಮಾತ್ರೆ ನುಂಗಿ ಮುಟ್ಟು ಮುಂದೂಡಿಕೊಳ್ಳುವವರು ಇನ್ನೂ ಹುಷಾರು. ನನ್ನ ಹತ್ತಿರವೂ ಬರಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ಉರಿಯ ವಿಷಯ. ಅಂಗಾಲು ಉರಿ, ರಾತ್ರಿ ಹೊದಿಕೆಯಿಂದ ಕಾಲು ಹೊರಗೆ ಚಾಚಬೇಕು ಅನ್ನಿಸುವುದು, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು. ಇಂಥವರಿಗೆ ನಾನು ಎಣ್ಣೆಗಿಂತ ಮೊದಲು ಶುಗರ್ ಪರೀಕ್ಷೆ ಬರೆದುಕೊಡುತ್ತೇನೆ. "ಆಯುರ್ವೇದಕ್ಕೆ ಬಂದ್ರೆ ನೀವೂ ರಕ್ತ ತೆಗೀರಿ ಅಂತೀರಲ್ಲ" ಎಂದು ಮುನಿಸಿಕೊಂಡು ಹೋದವರುಂಟು. ಶುಗರ್ ಹೆಚ್ಚಿ ನರ ಸೋತ ಪಾದಕ್ಕೆ ಬಿಸಿ ಬಿಸಿ ಅನ್ನಿಸುವುದೇ ಇಲ್ಲ. ಇಟ್ಟಿಗೆ ಸುಟ್ಟರೂ ಗೊತ್ತಾಗುವುದು ಗುಳ್ಳೆ ಎದ್ದ ಮೇಲೆ, ಕೆಲವೊಮ್ಮೆ ಗಾಯ ಕೊಳೆತ ಮೇಲೆ. ಅವರಿಗೆ ಶಾಖ ಬೇಡ, ಬಿಸಿನೀರ ಬಕೆಟ್ಟೂ ಬೇಡ. ರಾತ್ರಿ ಮಲಗುವ ಮುನ್ನ ಒಂದು ಪುಟ್ಟ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವ ಅಭ್ಯಾಸ ಬೇಕು. ಶುಗರ್ ಇಲ್ಲದ ಬರೀ ಉರಿಯಾದರೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಕಂಚಿನ ಬಟ್ಟಲಿನ ತಳದಿಂದ ಅಂಗಾಲು ಉಜ್ಜಿಸಿಕೊಳ್ಳಿ. ಬಟ್ಟಲು ಕಪ್ಪಾಗುತ್ತದೆ. "ನೋಡಿ, ಉಷ್ಣ ಎಳೆದುಕೊಂಡಿತು" ಎಂದು ಅಜ್ಜಿಯರು ತೋರಿಸುತ್ತಾರೆ. ಅದು ಲೋಹ ಮತ್ತು ಕೊಬ್ಬಿನ ಆಟ. ಆದರೆ ನಿದ್ದೆ ಬರುವುದಂತೂ ಸುಳ್ಳಲ್ಲ.

ಗೃಧ್ರಸಿ ಅಂದೆನಲ್ಲ. ಗೃಧ್ರ ಅಂದರೆ ಹದ್ದು, ರಣಹದ್ದು. ಸೊಂಟದಿಂದ ಕುಂಡಿಯ ಹಿಂಬದಿ, ತೊಡೆ, ಮಂಡಿ, ಪಾದದವರೆಗೆ ಕರೆಂಟು ಹೊಡೆದ ಹಾಗೆ ಚಳುಕು ಇಳಿಯುವ ನೋವು. ಅದು ಬಂದವರ ನಡಿಗೆ ಹದ್ದಿನ ಹಾಗೆ ವಾಲುತ್ತದೆ ಎಂದು ಆ ಹೆಸರು. ಮೇಲಿನ ರ‍್ಯಾಕಿನಿಂದ ಸೀರೆ ಕಟ್ಟು ಇಳಿಸುವ, ಗೋಡೌನಿನಿಂದ ಬೇಲು ಎತ್ತುವವರಲ್ಲಿ ಹೆಚ್ಚು. ನೋವು ಕಾಲಿನಲ್ಲಿ, ಮೂಲ ಬೆನ್ನಿನಲ್ಲಿ. ಕಾಲಿಗೆ ಎಷ್ಟು ಎಣ್ಣೆ ಹುಯ್ದರೂ ಏನು ಬಂತು? ಇದಕ್ಕೆ ಪಾರಿಜಾತದ ಎಲೆಯನ್ನು ಸಣ್ಣ ಉರಿಯಲ್ಲಿ ಕುದಿಸಿದ ಕಷಾಯ ಹಳೇ ಗ್ರಂಥಗಳ ಮದ್ದು, ಹರಳೆಣ್ಣೆಯೂ ಹೌದು. ಕಷಾಯ ಬಹಳ ಕಹಿ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಬಹುಪಾಲು ಜನರಿಗೆ ಎರಡು ಮೂರು ತಿಂಗಳಲ್ಲಿ ಕತ್ತಿ ಹಾಕಿಸಿಕೊಳ್ಳದೆಯೇ ಇಳಿಯುತ್ತದೆ. ಆದರೆ ಉಚ್ಚೆ ತಿಳಿಯದೆ ಹೋಗುವುದು, ಕುಳಿತರೆ ನೆಲಕ್ಕೆ ತಾಗುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಇವು ಕಂಡರೆ ಕಷಾಯ ಕುದಿಸುತ್ತಾ ಕೂರಬೇಡಿ. ಗಂಟೆಗಳ ಲೆಕ್ಕ ಅದು.

ಇನ್ನು ಆ ಇರುವೆಗಳು. ರಾತ್ರಿ ಮಲಗಿದರೆ ಕಾಲೊಳಗೆ ಏನೋ ಹರಿದಾಡಿದಂತಾಗಿ, ಒದ್ದಾಡಿ, ಎದ್ದು ಓಡಾಡಿದರೆ ನೆಮ್ಮದಿ ಅನ್ನುವವರಿದ್ದೀರಿ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಕಡಿಮೆಯಾಗಿರುವುದು ಕಬ್ಬಿಣ. ತಿಂಗಳು ತಿಂಗಳೂ ಹೆಚ್ಚು ರಕ್ತ ಹೋಗುತ್ತದೆ, ಬೆಳಗ್ಗೆ ತಿಂಡಿ ಬಿಟ್ಟು ಬಸ್ ಹಿಡಿಯುತ್ತೀರಿ, ಮಧ್ಯಾಹ್ನ ಅನ್ನ ಸಾರು, ಅದರ ಮೇಲೆ ಕಾಫಿ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಇದ್ದ ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇನ್ನೊಂದು ಕೊರತೆ ಬಿಸಿಲಿನದು. ಎಂಟೂವರೆಗೆ ಮನೆ ಬಿಟ್ಟು ಒಂಬತ್ತೂವರೆಗೆ ಟ್ಯೂಬ್‌ಲೈಟಿನಡಿ ನಿಂತವರು ಮತ್ತೆ ಆಕಾಶ ನೋಡುವುದು ರಾತ್ರಿ. ವಿಟಮಿನ್ ಡಿ ಇಳಿದರೆ ಮೂಳೆಯೂ ಸ್ನಾಯುವೂ ಒಟ್ಟಿಗೆ ನೋಯುತ್ತವೆ. ಮಾಂಸ ಮೊಟ್ಟೆ ಮುಟ್ಟದವರಿಗೆ ಬಿ 12 ಬೇರೆ. ಇವಕ್ಕೆ ಯಾವ ತೈಲವೂ ಇಲ್ಲ. ನುಗ್ಗೆಸೊಪ್ಪು, ರಾಗಿ, ಎಳ್ಳಿನ ಉಂಡೆ ಒಳ್ಳೆಯದೇ, ತಿನ್ನಿ. ಆದರೆ ತೀರಾ ಇಳಿದಿದ್ದರೆ ಮಾತ್ರೆಯೇ ಬೇಕು. "ಕಾಲ್ನೋವು" ಎಂಬ ಒಂದೇ ಮಾತಿನಡಿ ಇನ್ನೂ ಏನೇನೋ ಅಡಗಿರುತ್ತದೆ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ನಿಮಗೆ ಗೊತ್ತಿರಬಹುದು. 1970ರ ದಶಕದಲ್ಲಿ ಅಲ್ಲಿನ ಜನರ ಸೊಂಟ, ಮಂಡಿ ಕೀಲುಗಳು ಸವೆದು ನಡೆಯಲಾಗದೆ ಹೋದದ್ದು ಪತ್ರಿಕೆಗಳಲ್ಲಿ ಬಂತು. ವಂಶದಲ್ಲಿ ಹರಿದು ಬರುವ ರೋಗ ಅದು. ಬಾಯಿಮಾತಿನಲ್ಲಿ ಅದೂ ಕಾಲುನೋವೇ.

ಅಂದಮೇಲೆ ಎಣ್ಣೆ ಯಾವಾಗ? ಇದೆಲ್ಲ ಅಲ್ಲದ, ಬರೀ ದಣಿವಿನ ನೋವಿಗೆ. ನಿಮ್ಮಲ್ಲಿ ಬಹಳ ಜನಕ್ಕೆ ಇರುವುದು ಅದೇ. ಅಷ್ಟಾಂಗಹೃದಯ ದಿನವೂ ಅಭ್ಯಂಗ ಮಾಡಿ ಅನ್ನುತ್ತದೆ, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಿ ಅನ್ನುತ್ತದೆ. ಅಜೀರ್ಣವಾಗಿರುವಾಗ, ಕಫ ಕಟ್ಟಿರುವಾಗ ಬೇಡ ಅಂತಲೂ ಅಲ್ಲೇ ಹೇಳಿದೆ. ದುಬಾರಿ ಬಾಟಲಿ ಬೇಕಿಲ್ಲ. ಗಾಣದ ಎಳ್ಳೆಣ್ಣೆಯಲ್ಲಿ ಹಿಡಿ ಲಕ್ಕಿಸೊಪ್ಪು ಹಾಕಿ, ಎಲೆ ಗರಿಗರಿಯಾಗುವ ತನಕ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿಟ್ಟುಕೊಳ್ಳಿ. ಲಕ್ಕಿಗಿಡ ತುಂಗೆಯ ದಡದಲ್ಲಿ, ತೋಟದ ಬೇಲಿಯಲ್ಲಿ ಬೇಕಾದಷ್ಟಿದೆ. ಉಗುರುಬೆಚ್ಚಗೆ ಮಾಡಿ ಮಂಡಿಯಿಂದ ಬೆರಳ ತುದಿವರೆಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಹುಣಸೆಸೊಪ್ಪೋ ಲಕ್ಕಿಸೊಪ್ಪೋ ಕುದಿಸಿದ ನೀರು ಹದವಾಗಿ ಹುಯ್ದುಕೊಳ್ಳಿ. ಅಂಗಡಿಯಿಂದಲೇ ತರುವುದಾದರೆ ಬಿಗಿತಕ್ಕೆ ಮಹಾನಾರಾಯಣ, ಊತ ಜೊತೆಗಿದ್ದರೆ ಕೊಟ್ಟಂಚುಕ್ಕಾದಿ, ಉಳುಕಿದ್ದರೆ ಮುರಿವೆಣ್ಣ. ಇದಕ್ಕಿಂತ ಹೆಚ್ಚು ಹೆಸರು ನೆನಪಿಟ್ಟುಕೊಳ್ಳಬೇಡಿ. ಎಣ್ಣೆ ಕಾಲಿನ ಒಳಕ್ಕೆ ಎಷ್ಟು ಇಳಿಯುತ್ತದೆ ಎಂದು ನನ್ನನ್ನು ಕೇಳಿದರೆ, ಗುಣದ ಬಹುಪಾಲು ಬೆಚ್ಚಗಿನ ಕೈಯಲ್ಲಿದೆ ಅನ್ನುತ್ತೇನೆ. ಇನ್ನೊಂದು ಪಾಲು, ಆ ಹದಿನೈದು ನಿಮಿಷ ನೀವು ಕೂತಿರುತ್ತೀರಲ್ಲ, ಅದರಲ್ಲಿದೆ. ವರ್ಷಕ್ಕೊಮ್ಮೆ ನರಕ ಚತುರ್ದಶಿಗೆ ಊರಿಗೆ ಊರೇ ಎಣ್ಣೆನೀರು ಹಾಕಿಕೊಳ್ಳುತ್ತದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಊರಿಗೆಲ್ಲ ಸೀರೆ ತೋರಿಸಿದ ನಿಮಗೆ ನೆತ್ತಿಗೊಂದು ಚಮಚ ತಟ್ಟಿಕೊಂಡು ಓಡುವುದೇ ಹಬ್ಬ.

ಒಳಗೆ ತೆಗೆದುಕೊಳ್ಳುವ ಔಷಧಿಯ ಬಗ್ಗೆ ಸ್ವಲ್ಪ ಗದರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗುಗ್ಗುಲು, ರಾಸ್ನಾದಿ ಕಷಾಯ, ಅಶ್ವಗಂಧ, ಎಲ್ಲಾ ನಾನೂ ಕೊಡುವುದೇ. "ಹೆರ್ಬಲ್ ಅಲ್ವಾ, ಏನಾಗ್ತದೆ" ಎಂದು ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಪಕ್ಕದ ಮನೆಯವರ ಡಬ್ಬಿಯಿಂದ ಗುಗ್ಗುಲು ತೆಗೆದುಕೊಳ್ಳಬಾರದು. ಅದಕ್ಕಿಂತ ಕೆಟ್ಟದ್ದು ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಹೆಸರಿಲ್ಲದ ಪುಡಿ. ಎರಡನೇ ದಿನಕ್ಕೇ ನೋವು ಮಾಯವಾಯಿತೆಂದರೆ ಖುಷಿಪಡಬೇಡಿ, ಅನುಮಾನಪಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, "ಮೈ ಕೈ ತುಂಬಿಕೊಂಡ್ಳು" ಅಂತ ನೆಂಟರು ಹೊಗಳುತ್ತಾರೆ, ಒಳಗೆ ಶುಗರ್ ಏರಿ ಮೂಳೆ ಟೊಳ್ಳಾಗುತ್ತಿರುತ್ತದೆ. 2008ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ್ದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿತ್ತು. ನನ್ನ ಶಾಸ್ತ್ರದ ಮರ್ಯಾದೆ ಕಳೆಯಲು ಇದನ್ನು ಹೇಳುತ್ತಿಲ್ಲ, ಉಳಿಸಲು ಹೇಳುತ್ತಿದ್ದೇನೆ. ಸೀರೆಯ ಸೆರಗು ತಿರುವಿ ಜರಿ ಅಸಲಿಯೋ ನಕಲಿಯೋ ಹೇಳುವ ಕಣ್ಣು ನಿಮ್ಮದು. ಅದೇ ಕಣ್ಣಲ್ಲಿ ಬಾಟಲಿಯ ಚೀಟಿ ನೋಡಿ. ಒಳಗೇನಿದೆ ಎಂಬ ಪಟ್ಟಿ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ತಾರೀಖು. ಇಲ್ಲವೋ, ಮುಟ್ಟಬೇಡಿ.

ಇಷ್ಟೆಲ್ಲ ಬರೆದ ಮೇಲೂ ನಿಜವಾದ ಮಾತು ಇನ್ನೂ ಉಳಿದಿದೆ. ನಾನು ಚಿಕ್ಕವಳಿದ್ದಾಗ ಇದೇ ಬಜಾರಿನ ಅಂಗಡಿಗಳಲ್ಲಿ ಬಿಳಿ ಗಾದಿ ಹಾಸಿರುತ್ತಿತ್ತು. ಸೀರೆ ತೋರಿಸುವವರು ಚಕ್ಕಳಮಕ್ಕಳ ಕೂರುತ್ತಿದ್ದರು, ನಮ್ಮಮ್ಮನೂ ಎದುರಿಗೆ ಕೂರುತ್ತಿದ್ದಳು. ಸೀರೆ ಬಿಚ್ಚಿದರೆ ಗಾದಿಯ ಮೇಲೆ ನದಿ ಹರಿದ ಹಾಗೆ ಕಾಣುತ್ತಿತ್ತು. ಆಮೇಲೆ ಗಾಜಿನ ಕೌಂಟರ್ ಬಂತು, ಗಿರಾಕಿಗೆ ತಿರುಗುವ ಕುರ್ಚಿ ಬಂತು, ನೀವು ನಿಂತಿರಿ. ಯಾರೂ ಬೇಕೆಂದು ಹಿಂಸೆ ಕೊಟ್ಟದ್ದಲ್ಲ ಅಂದುಕೊಳ್ಳೋಣ. ಗಿರಾಕಿ ಇಲ್ಲದ ಮಧ್ಯಾಹ್ನ ಮೂರು ಗಂಟೆಗೂ ನೀವು ನಿಂತೇ ಇರಬೇಕು ಎಂಬ ನಿಯಮಕ್ಕೆ ಮಾತ್ರ ನನಗೆ ಅರ್ಥ ಹೊಳೆದಿಲ್ಲ.

ಕೇರಳದ ಕೋಯಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಪಿ. ವಿಜಿ ಎಂಬ ಟೈಲರ್ ಅಂಗಡಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು 'ಪೆಣ್‌ಕೂಟ್ಟ್' ಎಂಬ ಕೂಟ ಮಾಡಿದರು. ಅವರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ಎರಡಕ್ಕೂ ಕಾಲುನೋವಿಗೂ ಸಂಬಂಧವಿದೆ: ಉಚ್ಚೆಗೆ ಹೋಗಲು ಜಾಗವಿಲ್ಲವೆಂದು ನೀರೇ ಕುಡಿಯದ ಹೆಣ್ಣಿನ ಮೀನಖಂಡ ರಾತ್ರಿ ಗಂಟು ಕಟ್ಟದೆ ಇನ್ನೇನು? 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರಲು ಆಸನ ಕೊಡಲೇಬೇಕೆಂದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿರುವ ನಿಮ್ಮ ತಂಗಿಯರಿಗೂ ಹೇಳಿ: 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಿನಲ್ಲೇ ನಿಂತು ಕೆಲಸ ಮಾಡುವವರಿಗೆ ಬಿಡುವಾದಾಗ ಕೂರಲು ವ್ಯವಸ್ಥೆ ಇರಬೇಕೆಂದು ಬರೆದಿತ್ತು. ಅಂಗಡಿ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ, ಸ್ವಾಮಿ, ಕೌಂಟರಿಗೊಂದು ಸ್ಟೂಲು ಕೊಡಿ. ನನ್ನ ಕ್ಲಿನಿಕ್ಕಿನ ವ್ಯಾಪಾರ ಕಡಿಮೆಯಾದರೆ ಆಗಲಿ.

ಸ್ಟೂಲು ಬರುವ ತನಕ ಒಂದು ಉಪಾಯ. ಕೌಂಟರಿನಡಿ ಒಂದು ಗೇಣು ಎತ್ತರದ ಮಣೆ ಇಟ್ಟುಕೊಂಡು ಒಂದು ಸಲ ಬಲಗಾಲು, ಒಂದು ಸಲ ಎಡಗಾಲು ಅದರ ಮೇಲಿಡಿ. ಗಂಟೆಗೊಮ್ಮೆ ಸೀರೆ ಮಡಿಸುತ್ತಲೇ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಹಿಂಡುತ್ತದೆ, ರಕ್ತ ಏರುತ್ತದೆ. ಕೌಂಟರಿನ ಆಚೆ ನಿಂತವರಿಗೆ ಏನೂ ಕಾಣುವುದಿಲ್ಲ.

ಈ ಪತ್ರವನ್ನು ಅರ್ಧ ಬರೆದಿದ್ದಾಗ, ಕಳೆದ ವಾರ, ನಿಮ್ಮಲ್ಲೇ ಒಬ್ಬಳು ಬಂದಿದ್ದಳು. ಹಿಮ್ಮಡಿಯವಳು. ಬಾಟಲಿ ತಂದಿರಲಿಲ್ಲ. "ಡಾಕ್ಟ್ರೇ, ನಮ್ ಸಾಹುಕಾರ್ರು ಸ್ಟೂಲು ತರಿಸಿದ್ರು" ಅಂದಳು. ನನಗೆ ಹಿಗ್ಗು. "ಕೂರ್ತೀಯೇನೇ?" ಅಂದೆ. "ಇಲ್ಲ. ಅದರ ಮೇಲೆ ಬ್ಲೌಸ್‌ಪೀಸಿನ ಬಾಕ್ಸ್ ಇಟ್ಟಿದ್ದೀವಿ. ಜಾಗ ಇಲ್ಲ ನೋಡಿ." ಇಬ್ಬರೂ ನಕ್ಕೆವು. ಬಸ್ಸಿಗೆ ಹೊತ್ತಾಯಿತೆಂದು ಎದ್ದವಳು ಬಾಗಿಲ ಹತ್ತಿರ ನಿಂತು ಹೇಳಿದಳು: "ಬುಧವಾರ ಇಳಿಸ್ತೀವಿ. ಬುಧವಾರ ಗಿರಾಕಿ ಕಮ್ಮಿ."

ಇವತ್ತು ಮಂಗಳವಾರ. ನಾಳೆ ಮಧ್ಯಾಹ್ನ ಸೀರೆ ನೋಡುವ ನೆಪದಲ್ಲಿ ಆ ಕಡೆ ಬರುತ್ತೇನೆ.

ಇಂತಿ ನಿಮ್ಮ,
ಹಿಂದಿನ ಬೀದಿಯ ಡಾಕ್ಟ್ರಮ್ಮ